ಕೊಳವೆಯಲ್ಲಿ ಬಂದ ನಗು

ಜೂನ್ ೧೪, ಶುಕ್ರವಾರ

ಮನೆಗೆ ನರ್ಸ್ ಕಳಿಸುವ ಪದ್ಧತಿಯೇ ಇಲ್ಲ ಎಂದಿದ್ದ ಆರೋಗ್ಯ ಇಲಾಖೆಯ ಅಧಿಕಾರಿ. ಅವನ ಬಾಗಿಲಲ್ಲೇ ನಾವು ಆರು ಜನ ತಾಯಂದಿರು ಮಕ್ಕಳನ್ನು ಮಲಗಿಸಿಕೊಂಡು, ಅವರು ಉಸಿರಾಡುವ ಗಂಟಲಿನ ಕೊಳವೆಯಿಂದ ಕಫ ಎಳೆಯುತ್ತ ಒಂಬತ್ತು ದಿನ ಕೂತೆವು. ಪದ್ಧತಿ ತಾನಾಗಿಯೇ ಹುಟ್ಟಿತು. ಇವತ್ತು ನರ್ಸ್ ಬಂದಳು.

ನನಗೆಲ್ಲಿ ನಂಬಿಕೆ? ಸಂಜೆ ಮಗಳ ಕೊಳವೆ ಗೊರಗೊರ ಎಂದದ್ದೇ ತಡ, ಓಡಿ ಹೋಗಿ ಕಫದ ಯಂತ್ರಕ್ಕೆ ಕೈ ಹಾಕಿದೆ. ನರ್ಸ್ ಕೈ ಹಿಡಿದಳು.

"ತಡೀರಿ ಅಕ್ಕ, ಕಫ ಅಲ್ಲ ಅದು. ನಗ್ತಿದಾಳೆ. ಅವಳ ಕಾಲ್ಚೀಲ ನನ್ನ ಮೂಗಿಗೆ ಹಾಕ್ಕೊಂಡಿದ್ದೆ."

ಮೂರು ವರ್ಷದಲ್ಲಿ ಎಷ್ಟು ನಗುವನ್ನು ಕಫವೆಂದುಕೊಂಡು ಯಂತ್ರದಿಂದ ಎಳೆದುಹಾಕಿದೆನೋ. ನನ್ನೊಬ್ಬಳನ್ನೇ ಹಗಲುರಾತ್ರಿ ಕಾವಲಿಗೆ ನಿಲ್ಲಿಸಿ, ನಗುವೂ ಕಫವಾಗಿ ಕೇಳುವಂತೆ ನನ್ನ ಕಿವಿ ಕೆಡಿಸಿದವರಿಗೆ ಧಿಕ್ಕಾರ. ಅದನ್ನು ನಾಳೆ ಕೂಗೋಣ. ಈಗ ಮಗಳ ಕೋಣೆಯಲ್ಲಿ ಎಚ್ಚರವಿರಲು ಇನ್ನೊಬ್ಬಳಿದ್ದಾಳೆ.

ಮತ್ತೆ ಗೊರಗೊರ. ಏಳುವುದಿಲ್ಲ. ಬರೆಯುತ್ತಿದ್ದಂತೆಯೇ ನಿದ್ದೆ ಎಳೆಯುತ್ತಿದೆ. ನಗಲಿ ಬಿಡು, ಎಷ್ಟು ಬೇಕಾದರೂ