ಸಾಣೆಕಲ್ಲು ತರುವವನು ಬಂದರೆ

ವಿಭಾ,

ರಾತ್ರಿ ಒಂದೂಕಾಲಿಗೆ ನನ್ನ ಫೋನು ಸಣ್ಣದಾಗಿ ಟಿಂಗ್ ಎಂದಿತು. ಆಮೇಲೆ ನಾನು ನಿದ್ದೆ ಮಾಡಿಲ್ಲ.

ಮಾವನಿಗೆಂದು ಆನ್‌ಲೈನಿನಲ್ಲಿ ಗಂಧ ತೇಯುವ ಸಾಣೆಕಲ್ಲು ತರಿಸಿದ್ದೆನಲ್ಲ, ನಾನೂರ ಎಂಬತ್ತಕ್ಕೆ? ನಿನ್ನೆ ಮಧ್ಯಾಹ್ನ ಮಾರುವವನ ಕಡೆಯವನು ಅದನ್ನು ತಂದು, ಗುಡ್ಡದ ಊರು, ಸಾಗಣೆ ಜಾಸ್ತಿ ಎಂದು ಸಾವಿರದ ಮುನ್ನೂರೈವತ್ತು ಹೆಚ್ಚಿಗೆ ಕೇಳಿದ. ನಾನು ಆಫೀಸಿನಿಂದಲೇ ಫೋನಿನಲ್ಲಿ ಬೇಡವೆಂದು ವಾಪಸು ಕಳಿಸಿದೆ. ಅಷ್ಟರಲ್ಲಿ ಮಾವ ಅವನನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮನೆಯ ಸುದ್ದಿಯೆಲ್ಲ ಹೇಳಿದ್ದರು.

ರಾತ್ರಿ ಬಂದ ಮೆಸೇಜು ಅವನದು: "ದುಡ್ಡು ಹಾಕಿ ಮೇಡಂ. ಐದೂವರೆ ಬಸ್ಸಲ್ಲಿ ಇಳಿದು ತೋಟದ ದಾರೀಲಿ ಒಬ್ರೇ ಬರ್ತೀರಂತಲ್ಲ."

ಅವನು ಕೇಳಿದಷ್ಟೂ ಹಣ ಹಾಕಿಬಿಟ್ಟೆ. ಕೂಡಲೇ ಉತ್ತರ ಬಂತು: "ಥ್ಯಾಂಕ್ಸ್. ಬೆಳಿಗ್ಗೆ ಕಲ್ಲು ತಂದ್ಕೊಡ್ತೀನಿ. ನಿಮ್ಮ ಮಾವನ ಕಾಫಿ ಚೆನ್ನಾಗಿತ್ತು."

ನೀನು ಇವತ್ತು ಕಾಲೇಜಿಗೆ ಹೋಗಬೇಡ. ಅವನು ಬಂದರೆ ಚಿಲಕ ತೆಗೆಯದೆ, ಕಲ್ಲನ್ನು ಜಗಲಿಯ ಮೇಲಿಟ್ಟು ಹೋಗಲು ಕಿಟಕಿಯಿಂದಲೇ ಹೇಳು. ಮಾವನಿಗೆ ಹಳೆಯ ಪಂಚಾಂಗಗಳ ಗಂಟು ಬಿಚ್ಚಿಕೊಡು, ಒಳಗೇ ಕೂತಿರುತ್ತಾರೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ನಾನು ಮೂರು ಗಂಟೆಯ ಬಸ್ಸಿಗೇ ಬರುತ್ತೇನೆ. ಇಳಿದ ಕೂಡಲೇ ಫೋನ್ ಮಾಡುತ್ತೇನೆ, ಮನೆ ಮುಟ್ಟುವವರೆಗೂ ಏನಾದರೂ ಮಾತಾಡುತ್ತಿರು.

ಪೊಲೀಸರಿಗೆ ಹೇಳಿದರೆ ಮೊದಲು ಮಾವನನ್ನೇ ವಿಚಾರಿಸುತ್ತಾರೆ. ಮನೆಗೆ ಬಂದವನಿಗೆ ಕಾಫಿ ಕೊಟ್ಟದ್ದೇ ತಪ್ಪಾಯಿತೆಂದು ಅವರು ಕೊರಗುವುದನ್ನು ನನ್ನಿಂದ ನೋಡಲಾಗದು. ನಾನು ಯಾರಿಗೂ ಹೇಳುವುದಿಲ್ಲ, ನಿನ್ನಣ್ಣನಿಗೂ. ಓದಿದ ಮೇಲೆ ಈ ಚೀಟಿಯನ್ನು ಬಚ್ಚಲೊಲೆಗೆ ಹಾಕು.

ಅತ್ತಿಗೆ