ಎಡಕ್ಕೆ ಚುಚ್ಚಿದ ಪದಕ

ಅಕ್ಕಾ,
ಇನ್ವರ್‌ಕಾರ್ಗಿಲ್‌ನ ಈ ಗಾಳಿಗೆ ಕಾರ್ಡೂ ನಿಲ್ಲುತ್ತಿಲ್ಲ, ನಾನೂ ನಿಲ್ಲುತ್ತಿಲ್ಲ. ಕ್ಲೈವ್ ತೀರಿಹೋಗಿ ನಾನೊಬ್ಬಳೇ ಆದ ಮೇಲೆ, ಯುದ್ಧಕ್ಕೆ ಹೋದವರನ್ನು ನೆನೆಯುವ ಆನ್‌ಜಾಕ್ ದಿನ ಇದೇ ಮೊದಲು. ಬೆಳಗ್ಗೆ ಅವನ ದಳದವರ ಮೆರವಣಿಗೆಗೆ ಹೊರಡುವ ಗಡಿಬಿಡಿಯಲ್ಲಿ ಅವನ ಪದಕಗಳನ್ನು ಎಡ ಎದೆಗೆ ಚುಚ್ಚಿಕೊಂಡುಬಿಟ್ಟೆ. ಯುದ್ಧಕ್ಕೆ ಹೋದವರು ತಾನೇ ಎಡಕ್ಕೆ ಹಾಕುವುದು, ಮನೆಯವರು ಬಲಕ್ಕೆ. ವಿಯೆಟ್ನಾಮಿನಲ್ಲಿ ಅವನ ಜೊತೆಗಿದ್ದ ಮರ್ವ್ ನೋಡಿ ನಕ್ಕ: "ಏನ್ ನೋಲೀನ್, ನೀನ್ಯಾವ ಯುದ್ಧಕ್ಕೆ ಹೋಗಿದ್ದೆ ಮಾರಾಯ್ತಿ?"

"ನಾನೆಲ್ಲಿ ಹೋಗ್ಲಿ? ಅದೇ ನಮ್ಮನೇಗೆ ಬಂತಲ್ಲ. ರಾತ್ರಿ ಕಿರುಚ್ಕೊಂಡು ಏಳೋನನ್ನ ಐವತ್ತು ವರ್ಷ ಹಿಡ್ಕೊಂಡು ಕೂತಿದ್ದು ನಾನಲ್ವಾ" ಎಂದೆ.

ಮರ್ವ್ ರಸ್ತೆ ಪಕ್ಕ ತನ್ನ ಕೋಟು ಹಿಡಿದು ನಿಂತಿದ್ದ ಹೆಂಡತಿಯತ್ತ ತಿರುಗಿ ನೋಡಿದ.

ಮಂಡಿ ಊದಿದೆ, ಮಾತ್ರೆ ನುಂಗಿದ್ದೇನೆ. ಬಸ್ಸು ಹೊರಡುತ್ತಿದೆ. ಪದಕ ಎಡಕ್ಕೇ ಇದೆ.
ನೋಲೀನ್