ಸ್ನಾನ ಮಾಡಿ ನೋಡಿ ಕೊಂಡ ಮೆಟಡೋರ್

ಎಲೆಕ್ಟ್ರಾನಿಕ್ ಸಿಟಿ
೯-೧೧-೨೦೨೪, ಶನಿವಾರ

ಪ್ರೀತಿಯ ಕಮಲಾ,

ನೆಗಡಿ ಇಳಿಯಿತೇ? ಹರಿಹರದ ನೀರು ನಿನಗೆ ಚೆನ್ನಾಗಿ ಒಗ್ಗಿದೆ ಎಂದು ನಿನ್ನ ತಮ್ಮ ಕೊಟ್ರಪ್ಪ ಹೇಳಿದ. ಅಷ್ಟೊಂದು ಒಗ್ಗುವುದು ಬೇಡ ತಾಯಿ! ಅವನ ಗೃಹಪ್ರವೇಶಕ್ಕೆಂದು ಹೋದವಳು ದೀಪಾವಳಿಗೂ ಬರಲಿಲ್ಲ. "ಈ ಒಂಬತ್ತನೇ ಮಹಡಿ ಮನೆಯೇನ್ರೀ, ಕಪಾಟು. ನನ್ನ ಮಡಿಚಿ ಇಟ್ಟಂಗಾಗೈತಿ" ಎಂದು ಹೋಗುವಾಗ ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ನೀನು ವಾಪಸು ಬರುವುದೇ ಇಲ್ಲವೇನೋ ಎಂದು ನನಗೆ ದಿಗಿಲು. ಮಗ ಸಿದ್ದಾರ್ಥ್, ಸೊಸೆ ಸ್ಪೂರ್ತಿ ಆರಾಮಾಗಿದ್ದಾರೆ. ನಾನು ದಿನಾ ಉಪ್ಪಿಟ್ಟು ತಿಂದುಕೊಂಡು ಇದ್ದೇನೆ.

ಈಗ ಸುದ್ದಿ. ನಾನೊಂದು ಗಾಡಿ ಕೊಂಡೆ! ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಹಳೇ ಮೆಟಡೋರ್, ವಯಸ್ಸಿನಲ್ಲಿ ನಮ್ಮ ಸಿದ್ದಾರ್ಥನಿಗಿಂತ ಹಿರಿಯದು. ಒಳಗೆ ಮಡಚುವ ಮಂಚ, ಒಲೆ, ಪುಟ್ಟ ಬಚ್ಚಲು, ಮಾಡಿನ ಮೇಲೆ ನೀರಿನ ಟ್ಯಾಂಕು. ಅದರಲ್ಲೇ ಉಂಡು, ಮಲಗಿ, ಎದ್ದು ಊರೂರು ತಿರುಗಬಹುದು ಕಣೇ! ಹೆಬ್ಬಗೋಡಿಯ ಲಕ್ಷ್ಮಯ್ಯನವರ ಬಾಡಿಗೆ ಮನೆಯಲ್ಲಿದ್ದ ಜರ್ಮನಿಯವರೊಬ್ಬರು ಮಾಡಿಸಿದ್ದಂತೆ. ದೇಶಕ್ಕೆ ವಾಪಸು ಹೋಗುವಾಗ ಲಕ್ಷ್ಮಯ್ಯನವರಿಗೇ ಕೊಟ್ಟು ಹೋದರು.

ಇಂಜಿನ್ನನ್ನು ಮೆಕ್ಯಾನಿಕ್ ಬಸಲಿಂಗ ನೋಡಿ ಪಾಸು ಎಂದ. ನಾನು ನೋಡಬೇಕಿದ್ದುದು ಬಚ್ಚಲು. ಸ್ನಾನ, ಲಿಂಗಪೂಜೆ ಆಗದೆ ತೊಟ್ಟು ನೀರೂ ಬಾಯಿಗೆ ಬಿಡುವವಳಲ್ಲ ನೀನು. ಶ್ರೀಶೈಲದ ಬಸ್ಸಿನಲ್ಲಿ ಮಧ್ಯಾಹ್ನದವರೆಗೂ ಹಾಗೇ ಇದ್ದು, ಕಣ್ಣು ಕತ್ತಲೆ ಬಂದು ಬಿದ್ದ ಮೇಲೆ "ಇನ್ನ ಎಲ್ಲಿಗೂ ಬರಂಗಿಲ್ಲ" ಎಂದುಬಿಟ್ಟೆ. ಅದಕ್ಕೇ ಬೆಳಿಗ್ಗೆ ಎದ್ದವನೇ ಟವೆಲ್, ವಿಭೂತಿ, ಬಿಲ್ವಪತ್ರೆ ಕಟ್ಟಿಕೊಂಡು ಲಕ್ಷ್ಮಯ್ಯನವರ ಅಂಗಳಕ್ಕೆ ಹೋದೆ. ಟ್ಯಾಂಕು ತುಂಬಿಸಿ, ಗಾಡಿಯೊಳಗೇ ಮಿಂದು, ಮಂಚದ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿದೆ. ಒಂದು ಸಲ ತಲೆ ತಗುಲಿತು, ಅಷ್ಟೇ. ನೀನು ಕುಳ್ಳಿ, ನಿನಗೆ ಆ ತೊಂದರೆಯಿಲ್ಲ. ಕಿಟಕಿಯಲ್ಲಿ ಊದುಬತ್ತಿಯ ಹೊಗೆ ಕಂಡು, ಗಾಡಿಗೆ ಬೆಂಕಿ ಬಿತ್ತೆಂದು ಲಕ್ಷ್ಮಯ್ಯನವರ ಹೆಂಡತಿ ಚಿಕ್ಕಮುನಿಯಮ್ಮ ಕೊಡ ಎತ್ತಿಕೊಂಡು ಓಡಿಬಂದರು! "ಗಾಡಿ ತಕಣಾಕೆ ಬಂದೋರು ತಾನ ಮಾಡಿದ್ದು ಇದೇ ಫಸ್ಟು ನೋಡಿದ್ದು ಸಾಮಿ" ಎಂದು ಲಕ್ಷ್ಮಯ್ಯ ಬಿದ್ದು ಬಿದ್ದು ನಕ್ಕರು.

ಅವರೇ ಓಡಿಸಿಕೊಂಡು ತಂದರು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಕಮಾನಿಗೆ ಟ್ಯಾಂಕು ಸಿಕ್ಕಿಕೊಂಡಿತು ನೋಡು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಹಿಂದೆ ಕಾರುಗಳ ಸಾಲು, ಹಾರನ್ನು, ಬೈಗುಳ. ಕಡೆಗೆ ಸೆಕ್ಯುರಿಟಿ ಯಮನೂರ ಟೈರಿನ ಗಾಳಿ ಇಳಿಸಿ ಬಿಡಿಸಿದ. ಸಿದ್ದಾರ್ಥ್ ಬಾಲ್ಕನಿಯಿಂದ ನೋಡಿ ಒಳಗೆ ಹೋಗಿಬಿಟ್ಟ. ಈಗ ಗಾಡಿ ಲಕ್ಷ್ಮಯ್ಯನವರ ಖಾಲಿ ಸೈಟಿನಲ್ಲಿದೆ.

ಕಾರವಾರದ ಸಮುದ್ರವೋ, ಬನವಾಸಿಯೋ, ಎಲ್ಲಿಗೆ ಎಂದು ನೀನೇ ಹೇಳು. ಕೋಪ ಬಂದಿದ್ದರೆ ಬಂದು ಎದುರಿಗೇ ಬೈಯಿ. ನೀನಿಲ್ಲದೆ ನನಗೆ ಆಗುತ್ತಿಲ್ಲ ಕಮಲಾ.

ಕೊಟ್ರಪ್ಪನ ಮನೆಯವರಿಗೆಲ್ಲ ನನ್ನ ಶರಣು ತಿಳಿಸು. ಶ್ರೀಶೈಲದ ಮಲ್ಲಯ್ಯ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಇರಣ್ಣ

ಮರೆತಿದ್ದೆ: ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. ಎಡಗಣ್ಣು ಹೋದಂತೆಯೇ, ಬಲಗಣ್ಣಿಗೂ ಶುರುವಾಗಿದೆಯಂತೆ. ಸಿದ್ದಾರ್ಥನಿಗೆ ಹೇಳಿಲ್ಲ. ದಾವಣಗೆರೆಯಲ್ಲಿ ಓಮ್ನಿ ಓಡಿಸಿಕೊಂಡು ಊರೆಲ್ಲ ಸುತ್ತುತ್ತಿದ್ದವಳು ನೀನು. ಇಲ್ಲಿಗೆ ಬಂದ ಮೇಲೆ ಟ್ರಾಫಿಕ್ಕು ಎಂದು ಯಾರೂ ನಿನ್ನ ಕೈಗೆ ಕೀಲಿ ಕೊಡಲಿಲ್ಲ. "ಓಡ್ಸೋರು ಯಾರು ಸಾಮಿ?" ಎಂದು ಲಕ್ಷ್ಮಯ್ಯ ಕೇಳಿದರು. "ನಮ್ಮ ಮನೆಯಾಕೆ" ಎಂದುಬಿಟ್ಟೆ. ಬೇಗ ಬಾ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಕಾಣುವಷ್ಟು ದಿನ ನೋಡುತ್ತೇನೆ.